ಒಂದೇ ಮನೆಯಲ್ಲಿ ಎಲ್ಲರಿಗೂ ಕೋವಿಡ್ ಬಂದರೂ ಒಬ್ಬರಿಗೆ ಮಾತ್ರ ಯಾಕೆ ಜೋರಾಯಿತು? ಇದು ಜೀನ್ ಆಟನಾ?

ಸೋಮವಾರಪೇಟೆ ಕಡೆಯ ನಿಮ್ಮ ಮನೆಯಲ್ಲಿ 2021ರಲ್ಲಿ ಎಲ್ಲರಿಗೂ ಕೋವಿಡ್ ಬಂತು. 80 ದಾಟಿದ ಅಜ್ಜಿ ಎರಡು ದಿನ ಕೆಮ್ಮಿ ಎದ್ದು ಕೂತರು, 36ರ ಅಣ್ಣನಿಗೆ ಆಕ್ಸಿಜನ್ ಬೇಕಾಯಿತು. ಇದು ಜೀನಿಂದಾನಾ, ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ.

ಸ್ವಲ್ಪ ಮಟ್ಟಿಗೆ ಜೀನೇ. ಆದರೆ ಟೆಸ್ಟ್ ಬಹುಶಃ ಬೇಡ.

ನಾನು ವಿರಾಜಪೇಟೆ ಕಡೆಯವನು, ಕೆಲಸ ಒಂದು ಡಿಎನ್‌ಎ ಲ್ಯಾಬಿನಲ್ಲಿ. ನಮ್ಮಲ್ಲಿ ಮಲಗಿದ್ದು ಚಿಕ್ಕಪ್ಪನ ಮಗ, ಒಕ್ಕದ (ನಮ್ಮ ಕೊಡವ ಮನೆತನದ) ಹಾಕಿ ಟೀಮಿನಲ್ಲಿ ಇಡೀ ಮ್ಯಾಚ್ ಓಡುವವನು. ರಾತ್ರಿ ಆಕ್ಸಿಮೀಟರ್ 86 ತೋರಿಸಿತು. ಬೆರಳು ತಣ್ಣಗಿರಬೇಕು ಅಂತ ಉಜ್ಜಿ ಮತ್ತೆ ಹಾಕಿದೆವು, 85. ಕರೆಂಟಿಲ್ಲ, ಮನೆಯೊಳಗೆ ಸಿಗ್ನಲ್ ಇಲ್ಲ. ಡಾಕ್ಟರಿಗೆ ಫೋನ್ ಮಾಡಲು ಟಾರ್ಚ್ ಹಿಡಿದು ತೋಟದ ಮೇಲಿನ ಬರೆ ಹತ್ತಿದ್ದೆ. ಅದೇ ವಾರ ನನಗೂ ಬಂದಿತ್ತು, ಬರೀ ಮೈಕೈ ನೋವು.

ಈ ವಿಷಯದಲ್ಲಿ ಹೆಚ್ಚು ಸುದ್ದಿಯಾದದ್ದು ಮೂರನೇ ಕ್ರೋಮೋಸೋಮಿನ, ಅಂದರೆ ಜೀನುಗಳನ್ನು ಹೊತ್ತ ಡಿಎನ್‌ಎ ಎಳೆಯ, ಒಂದು ತುಂಡು. ಅದು ನಮಗೆ ಬಂದದ್ದು ನಿಯಾಂಡರ್ತಾಲರಿಂದ, ಅಂದರೆ ಅಳಿದುಹೋದ ಹಳೇ ಕಾಲದ ಇನ್ನೊಂದು ಮಾನವ ಕುಲದಿಂದ, ಅಂತ 2020ರಲ್ಲಿ ವಿಜ್ಞಾನಿಗಳಾದ ಹ್ಯೂಗೋ ಝೆಬರ್ಗ್ ಮತ್ತು ಸ್ವಾಂಟೆ ಪಾಬೋ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿ ಅದರ ಒಂದು ಪ್ರತಿಯಾದರೂ ಇದೆ, ಯುರೋಪಿನಲ್ಲಿ ಸುಮಾರು 16%. ಅದಿದ್ದವರಿಗೆ ಕಾಯಿಲೆ ಜೋರಾಗುವ ಸಾಧ್ಯತೆ ಜಾಸ್ತಿ. ತಮಾಷೆ ಅಂದರೆ, ಮರುವರ್ಷ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿ ಬೊಟ್ಟು ಮಾಡಿದ ಎಲ್‌ಝೆಡ್‌ಟಿಎಫ್‌ಎಲ್1 ಜೀನ್ ರೋಗನಿರೋಧಕ ಜೀನೇ ಅಲ್ಲ, ಶ್ವಾಸಕೋಶದ ಒಳಪದರದಲ್ಲಿ ಕೆಲಸ ಮಾಡುವಂಥದ್ದು. ಹಾಗಾಗಿ ಆ ತುಂಡು ಇದ್ದವರಿಗೂ ಲಸಿಕೆ ಕೆಲಸ ಮಾಡುತ್ತದೆ. ನಿಯಾಂಡರ್ತಾಲರನ್ನು ಬಯ್ಯಲೂ ಬೇಡಿ, 12ನೇ ಕ್ರೋಮೋಸೋಮಿನಲ್ಲಿ ಅವರೇ ಕೊಟ್ಟ ಇನ್ನೊಂದು ತುಂಡು ಅಪಾಯ ತಗ್ಗಿಸುತ್ತದೆ.

ನಿಜವಾದ ರೋಗನಿರೋಧಕ ಜೀನಿನ ಕಥೆ ಇಂಟರ್‌ಫೆರಾನಿನದು. ವೈರಸ್ ಹೊಕ್ಕ ಕೂಡಲೇ ಜೀವಕೋಶ ಅಕ್ಕಪಕ್ಕದವಕ್ಕೆ ಹಾಕುವ ಕೂಗು ಅದು. ಕೂಗು ತಡವಾದರೆ ವೈರಸ್ಸಿಗೆ ಹಬ್ಬ. 2020ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಎರಡು ಮನೆಯ ಅಣ್ಣತಮ್ಮಂದಿರು, ಒಟ್ಟು ನಾಲ್ಕು ಹುಡುಗರು, ವೆಂಟಿಲೇಟರ್ ಸೇರಿದರು. ಎಲ್ಲರೂ 35ರ ಒಳಗಿನವರು, ಮೊದಲು ಯಾವ ದೊಡ್ಡ ಕಾಯಿಲೆಯೂ ಇರಲಿಲ್ಲ. ಒಬ್ಬ ಉಳಿಯಲಿಲ್ಲ. ಆ ಕೂಗು ಎಬ್ಬಿಸುವ ಟಿಎಲ್‌ಆರ್7 ಜೀನ್ ಅವರಲ್ಲಿ ಕೆಟ್ಟಿತ್ತು. ಅದು ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡಸರಿಗೆ ಒಂದೇ ಪ್ರತಿ, ಸ್ಪೇರ್ ಇಲ್ಲ. ಇಂಥದ್ದು ಬಹಳ ಅಪರೂಪ. ಇನ್ನು ಕೆಲವರಲ್ಲಿ ಸ್ವಂತ ಇಂಟರ್‌ಫೆರಾನನ್ನೇ ಹಿಡಿದು ಕಟ್ಟಿಹಾಕುವ ಆಂಟಿಬಾಡಿಗಳಿದ್ದವು. ವಿಪರೀತ ಸೀರಿಯಸ್ ಆದವರಲ್ಲಿ ಸುಮಾರು 10% ಜನರಲ್ಲಿ ಸಿಕ್ಕಿದವು.

ನಿಮ್ಮ ಮನೆಯಲ್ಲೂ ಕಾಫಿ ತೋಟ ಇದ್ದರೆ ಇದು ಬೇಗ ಅರ್ಥವಾಗುತ್ತದೆ. ಬಿಳಿ ಕಾಂಡಕೊರಕ ಹುಳು ಅರೇಬಿಕಾ ಕಾಫಿಗೆ ಬೀಳುತ್ತದೆ, ರೊಬಸ್ಟಾ ತಳಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅದು ತಳಿಯ ಗುಣ, ಅಂದರೆ ಜೀನ್. ಆದರೆ ಅರೇಬಿಕಾದಲ್ಲೂ ಮೊದಲು ಹೋಗುವುದು ನೆರಳಿಲ್ಲದೆ ಬಿಸಿಲು ಬಡಿಯುವ ಗಿಡಗಳೇ ಅಲ್ವಾ? ಕೋವಿಡ್‌ನಲ್ಲಿ ಆ ಬಿಸಿಲು ಅಂದರೆ ವಯಸ್ಸು, ಸಕ್ಕರೆ ಕಾಯಿಲೆ, ಮೈತೂಕ, ಲಸಿಕೆ ಆಗದೇ ಇರುವುದು. ವಯಸ್ಸಿನ ಭಾರ ಮೂರನೇ ಕ್ರೋಮೋಸೋಮಿನ ತುಂಡಿಗಿಂತ ಎಷ್ಟೋ ಜಾಸ್ತಿ. ನಿಮ್ಮ ಅಜ್ಜಿ ಆ ಲೆಕ್ಕವನ್ನೂ ತಪ್ಪಿಸಿದರು, ಅದು ಬೇರೆ ಮಾತು. ಕರಿಮೆಣಸಿನ ಕಷಾಯಕ್ಕೆ ಆ ಕ್ರೆಡಿಟ್ ಕೊಡುವವರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ, ನಮ್ಮಮ್ಮನೂ ಅದೇ ಪಾರ್ಟಿ.

ಟೆಸ್ಟ್ ಯಾಕೆ ಬೇಡ ಅಂದರೆ, ಆ ತುಂಡು ಇದೆ ಅಂತ ಬಂದರೂ ಮಾಡುವುದು ಅದೇ ಲಸಿಕೆ, ಅದೇ ಶುಗರ್ ಕಂಟ್ರೋಲ್. ಇಲ್ಲ ಅಂತ ಬಂದರೆ ಸುಮ್ನೆ ಧೈರ್ಯ ಜಾಸ್ತಿಯಾಗುತ್ತದೆ. ಆದರೆ ನಿಮ್ಮ ಅಣ್ಣನಿಗೆ ಚಿಕ್ಕಂದಿನಿಂದ ಮತ್ತೆ ಮತ್ತೆ ನ್ಯುಮೋನಿಯಾ ಆಗಿದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬ ಹುಡುಗನೂ ವೈರಲ್ ಜ್ವರದಲ್ಲೇ ಐಸಿಯು ಸೇರಿದ್ದರೆ, ಇಮ್ಯುನಾಲಜಿ ಗೊತ್ತಿರುವ ಡಾಕ್ಟರಿಗೆ ತೋರಿಸಿ. ಹೋಗುವಾಗ ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲ ತೆಗೆದುಕೊಂಡು ಹೋಗಿ.