ಪ್ರಾಡೊದಲ್ಲಿ ಗೋಯಾನ ಕಪ್ಪು ಚಿತ್ರಗಳು ಸಿಗಲಿಲ್ಲ ಅಂದಿದ್ದಕ್ಕೆ

ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಸ್ಪೇನಿನ ಚಿತ್ರಕಾರ ಗೋಯಾನ ಕಪ್ಪು ಚಿತ್ರಗಳನ್ನು, ಅದರಲ್ಲೂ ಮಾಟಗಾತಿಯರ ನಡುವೆ ಹೋತ ಇರುವುದನ್ನು, ಹುಡುಕಿದರೂ ಸಿಗಲಿಲ್ಲ, ಮಗಳು ನೋಡಿ ಹೆದರುತ್ತಾಳಾ ಅಂತ ಕೇಳಿದ್ದೀರಿ. ನೀವು ತಪ್ಪು ಮಹಡಿಯಲ್ಲಿ ಹುಡುಕಿರಬೇಕು. ಗೋಯಾನ ಚಿತ್ರಗಳು ಮೂರು ಮಹಡಿಗಳಲ್ಲಿ ಹಂಚಿಹೋಗಿವೆ. ರಾಜಮನೆತನದ ಚಿತ್ರ ಕಂಡಿತು ಅಂದಿರಲ್ಲ, ಅದು ಒಂದನೇ ಮಹಡಿ. ಕಪ್ಪು ಚಿತ್ರಗಳು, ಅಂದರೆ ಮಾಟಗಾತಿಯರದ್ದು, ಮಗನನ್ನೇ ತಿನ್ನುವ ರೋಮನ್ ದೇವರು ಸ್ಯಾಟರ್ನ್‌ದು ಎಲ್ಲ, ನೆಲಮಹಡಿಯ 67ನೇ ಕೋಣೆಯಲ್ಲಿವೆ.

ಇನ್ನೊಂದು ಅನುಮಾನ. ನಿಮ್ಮ ಮನಸ್ಸಲ್ಲಿರುವ ಹೋತದ ಕೊಂಬಿಗೆ ಎಲೆಯ ಹಾರ ಇದೆಯಾ? ಹಾಗಿದ್ದರೆ ಅದು ಪ್ರಾಡೊದಲ್ಲಿ ಇಲ್ಲವೇ ಇಲ್ಲ. ಅದೇ ಊರಿನ ಲಾಸಾರೊ ಗಾಲ್ದಿಯಾನೊ ಮ್ಯೂಸಿಯಂನಲ್ಲಿದೆ, ಅಂಗೈಯಗಲ ಅಲ್ಲದಿದ್ದರೂ ಚಿಕ್ಕದೇ. ಪ್ರಾಡೊದ್ದು ನಾಲ್ಕು ಮೀಟರಿಗೂ ಜಾಸ್ತಿ ಉದ್ದ.

ನಾಳೆ ಮತ್ತೆ ಹೋಗುವುದಾದರೆ ಸಂಜೆ 6ರ ಉಚಿತ ಪ್ರವೇಶ ನಂಬಬೇಡಿ. ಸಾಲಲ್ಲೇ ಅರ್ಧ ಹೊತ್ತು ಹೋಗುತ್ತದೆ, 8ಕ್ಕೆ ಹತ್ತು ನಿಮಿಷ ಇರುವಾಗಲೇ ಹೊರಗೆ ಕಳಿಸಲು ಶುರು. ಆನ್‌ಲೈನ್ ಟಿಕೆಟ್ ತಗೊಂಡು ಬೆಳಿಗ್ಗೆ ಹೋಗಿ. ದೊಡ್ಡ ಬ್ಯಾಗ್ ಕೊಟ್ಟು, ನಕ್ಷೆ ತಗೊಂಡು, ಬೇರೆಲ್ಲೂ ನಿಲ್ಲದೆ ನೇರ 67ಕ್ಕೆ. ಫೋಟೊ ತೆಗೆಯುವಂತಿಲ್ಲ.

ಕಪ್ಪು ಚಿತ್ರಗಳು ಒಟ್ಟು 14. ಗೋಯಾ ಇವನ್ನು ತನ್ನ ಮನೆಯ ಗೋಡೆ ಮೇಲೇ ಬರೆದಿದ್ದ, 1874ರ ಹೊತ್ತಿಗೆ ಕಿತ್ತು ಕ್ಯಾನ್ವಾಸಿಗೆ ಹಾಕಿದರು. ಮಾಟಗಾತಿಯರ ಚಿತ್ರದಲ್ಲಿ ಹೋತ ಬರೀ ಕಪ್ಪು ನೆರಳು. ಅದನ್ನು ಬಿಟ್ಟು ಬಾಯಿ ತೆರೆದ ಆ ಮುಖಗಳನ್ನು ನೋಡಿ. ಬಲತುದಿಯಲ್ಲಿ ಒಬ್ಬಳು ಮಾತ್ರ ಕುರ್ಚಿಯಲ್ಲಿ ಸುಮ್ನೆ ಕೂತಿದ್ದಾಳೆ.

ಒಂಬತ್ತು ವರ್ಷದ ಮಗಳು ಹೆದರುತ್ತಾಳಾ ಅನ್ನುವುದು ನಿಮಗೇ ಗೊತ್ತು. ನಾನಾದರೆ ಸ್ಯಾಟರ್ನ್ ಚಿತ್ರವನ್ನು ಮೊದಲು ಫೋನಲ್ಲಿ ತೋರಿಸುತ್ತೇನೆ. ಬೇಡ ಅಂದರೆ ಅದೇ ಕೋಣೆಯ ನಾಯಿ ಚಿತ್ರದ ಮುಂದೆ ಅವಳನ್ನು ನಿಲ್ಲಿಸಿ, ದೊಡ್ಡವರು ಒಬ್ಬೊಬ್ಬರಾಗಿ ಸ್ಯಾಟರ್ನ್ ನೋಡಿ ಬನ್ನಿ.