ನೀರಿನೊಳಗಿನ ಬೆವರು

ಪ್ರಶ್ನೆ: ರನ್ನನ ‘ಗದಾಯುದ್ಧ’ದಲ್ಲಿ ಭೀಮನ ಗರ್ಜನೆಯನ್ನು ಕೇಳಿ, ಕೊಳದ ನೀರಿನೊಳಗಿದ್ದ ದುರ್ಯೋಧನನು ಬೆವರುತ್ತಾನೆ. ಇದನ್ನು ಭಯದ ಬೆವರೆಂದು ಓದಬಹುದೇ?

ಉತ್ತರ: ಹಾಗೆ ಓದಲು ಪದ್ಯವೇ ಅಡ್ಡಿಯಾಗುತ್ತದೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ (ನೀರಿನೊಳಗಿದ್ದರೂ ಬೆವರಿದನು ಹಾವಿನ ಬಾವುಟದವನು, ಅಂದರೆ ದುರ್ಯೋಧನ) ಎಂಬ ಸಾಲೊಂದನ್ನೇ ಬಿಡಿಯಾಗಿ ಉದ್ಧರಿಸುವ ರೂಢಿಯಿಂದ ಈ ಸಂದೇಹ ಹುಟ್ಟುತ್ತದೆ. ಆದರೆ ಅದಕ್ಕೆ ತುಸು ಮೊದಲೇ ಕವಿಯು ಅವನನ್ನು ‘ಕೋಪಾರುಣನೇತ್ರಂ’, ಅಂದರೆ ಸಿಟ್ಟಿನಿಂದ ಕಣ್ಣು ಕೆಂಪೇರಿದವನು, ಎಂದು ಕರೆದಿದ್ದಾನೆ. ಅವನು ಆ ಕೊಳವನ್ನು ಹೊಕ್ಕದ್ದೂ ಭೀಷ್ಮರ ಸಲಹೆಯಂತೆಯೇ ಹೊರತು ಹೆದರಿಯಲ್ಲ. ತಣ್ಣೀರೂ ಆರಿಸಲಾರದ ಒಳಗಿನ ಬೇಗೆಯನ್ನು ಬೆವರೆಂಬ ಒಂದೇ ವಿವರದಲ್ಲಿ ಹಿಡಿದಿಟ್ಟಿರುವ ಬಗೆ ನನಗಂತೂ ಪ್ರತಿ ಓದಿನಲ್ಲೂ ಬೆರಗು ತರುತ್ತದೆ. ಇನ್ನು ಸನ್ನಿವೇಶದ ಬಿಗುವನ್ನು ಕಟ್ಟುವುದು ನಾದ: ‘ರವ’ (ಸದ್ದು) ಎಂಬುದು ಪದ್ಯದಲ್ಲಿ ಮತ್ತೆ ಮತ್ತೆ ಮೊಳಗುವುದರಿಂದ ಭೀಮನ ಕೂಗು ದುರ್ಯೋಧನನಿಗಷ್ಟೇ ಅಲ್ಲ, ಓದುಗರ ಕಿವಿಗೂ ಅಪ್ಪಳಿಸುತ್ತದೆ.