ಮದರ್‌ಬೋರ್ಡ್‌ಗೆ ಎಷ್ಟು ಓಮ್‌ನ ರೆಸಿಸ್ಟರ್ ಹಾಕಲಿ?

ಪ್ರಶ್ನೆ: ಸರ್, ಹರಾಜಿನಲ್ಲಿ ಒಂದು ಹಳೆಯ ಆಫೀಸ್ ಕಂಪ್ಯೂಟರ್ ಕೊಂಡೆ. ಪ್ರೊಸೆಸರ್ ಇಂಟೆಲ್ ಕೋರ್ 2 ಡ್ಯುಯೋ ಇ4300. ಅದರ ತಳದ ಪ್ಯಾಡ್‌ಗಳಿಗೆ ಕಂಡಕ್ಟಿವ್ ಪೇಂಟ್ ಹಚ್ಚಿ ಬಸ್ ವೇಗವನ್ನು 200ರಿಂದ 266 ಮೆಗಾಹರ್ಟ್ಸ್‌ಗೆ ಏರಿಸಿದೆ. 1.8 ಇದ್ದದ್ದು 2.4 ಗಿಗಾಹರ್ಟ್ಸ್ ಆಯಿತು. ವಿಂಡೋಸ್ ಬರುತ್ತದೆ, ಆದರೆ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಪ್ರೈಮ್95 ಓಡಿಸಿದರೆ ಹತ್ತೇ ನಿಮಿಷಕ್ಕೆ ನೀಲಿ ಪರದೆ. ಬಯಾಸ್‌ನಲ್ಲಿ ವೋಲ್ಟೇಜ್ ಬದಲಿಸಲು ಜಾಗವೇ ಇಲ್ಲ. ಬೋರ್ಡ್‌ಗೆ ಒಂದು ರೆಸಿಸ್ಟರ್ ಬೆಸುಗೆ ಹಾಕಿದರೆ ವೋಲ್ಟೇಜ್ ಏರುತ್ತದೆ ಅಂತ ಗೆಳೆಯ ಹೇಳಿದ. ಎಷ್ಟು ಓಮ್‌ನದು ಹಾಕಲಿ?

ಉತ್ತರ: ಗೆಳೆಯ ಹೇಳಿದ್ದು ನಿಜ. ಆದರೆ ಎಷ್ಟು ಓಮ್ ಅನ್ನೋದನ್ನು ನಾನು ಇಲ್ಲಿ ಕೂತು ಹೇಳಲು ಬರುವುದಿಲ್ಲ. ಅದನ್ನು ನಿಮ್ಮ ಬೋರ್ಡೇ ಹೇಳಬೇಕು. ಅದಕ್ಕೂ ಮೊದಲು ಇನ್ನೊಂದು ಮಾತು: ನಿಮಗೆ ಕಡಿಮೆ ಬಿದ್ದಿರುವುದು ವೋಲ್ಟೇಜೇ ಅಂತ ಇನ್ನೂ ಗೊತ್ತಾಗಿಲ್ಲ, ಅಲ್ವಾ?

ಹಾಗಾಗಿ ಮೊದಲು ಮಲ್ಟಿಮೀಟರ್ ತೆಗೆಯಿರಿ. ಕೆಂಪು ಪ್ರೋಬ್‌ನ ತುದಿಯಲ್ಲಿ ಒಂದು ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ. ಓಡುತ್ತಿರುವ ಬೋರ್ಡ್ ಮೇಲೆ ಪ್ರೋಬ್ ಜಾರಿ ಎರಡು ಕಾಲುಗಳಿಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಕಪ್ಪು ಪ್ರೋಬ್ ಕ್ಯಾಬಿನೆಟ್ಟಿನ ಲೋಹಕ್ಕೆ, ಕೆಂಪು ಪ್ರೋಬ್ ಸಾಕೆಟ್ ಪಕ್ಕದ ಕಾಯಿಲ್‌ನ ಸಾಕೆಟ್ ಕಡೆಯ ಕಾಲಿಗೆ. ಬಯಾಸ್‌ನಲ್ಲಿ ಸ್ಪೀಡ್‌ಸ್ಟೆಪ್ ಇದ್ದರೆ ಆಫ್ ಮಾಡಿ, ಆಫ್ ಮಾಡದಿದ್ದರೆ ಸುಮ್ನೆ ಇರುವಾಗ ಅದು ತಾನಾಗಿಯೇ ವೋಲ್ಟೇಜ್ ಇಳಿಸಿ ನಿಮ್ಮ ಲೆಕ್ಕ ತಪ್ಪಿಸುತ್ತದೆ. ಸುಮ್ನೆ ಇರುವಾಗ ಎಷ್ಟು, ಪ್ರೈಮ್95 ಓಡುವಾಗ ಎಷ್ಟು, ಎರಡನ್ನೂ ಬರೆದಿಟ್ಟುಕೊಳ್ಳಿ.

ಲೋಡ್ ಬಂದಾಗ ಸ್ವಲ್ಪ ಇಳಿಯುವುದು ಸಹಜ. ಬೇಕಂತಲೇ ಹಾಗೆ ಮಾಡಿರುತ್ತಾರೆ. ಆದರೆ 0.15 ವೋಲ್ಟಿನಷ್ಟು ಕುಸಿದರೆ ಸಾಕೆಟ್ ಸುತ್ತಲಿನ ಕೆಪಾಸಿಟರ್‌ಗಳನ್ನು ನೋಡಿ. ತಲೆ ಉಬ್ಬಿದೆಯಾ? ಕಂದು ಬಣ್ಣದ ಅಂಟು ಒಸರಿದೆಯಾ? ಆ ಕಾಲದ ಎಷ್ಟೋ ಬೋರ್ಡ್‌ಗಳು ಕೆಟ್ಟದ್ದು ಹೀಗೇ. ಹಾಗಿದ್ದರೆ ನಿಮಗೆ ಬೇಕಾದ್ದು ರೆಸಿಸ್ಟರ್ ಅಲ್ಲ, ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ವೋಲ್ಟಿನ ಹೊಸ ಲೋ-ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್. ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಕೂಡ ಓಡಿಸಿ. ಬಸ್ ವೇಗ ಏರಿಸಿದಾಗ ರ‍್ಯಾಮ್ ಕೈಕೊಡುವುದೂ ಉಂಟು.

ಇದೆಲ್ಲ ಸರಿ ಇದ್ದರೆ ಮಾತ್ರ ಮುಂದಿನದ್ದು.

ಪ್ರೊಸೆಸರ್ ತನಗೆ ಎಷ್ಟು ವೋಲ್ಟ್ ಬೇಕು ಅನ್ನುವುದನ್ನು ವಿಐಡಿ ಪ್ಯಾಡ್‌ಗಳ ಮೂಲಕ ಬೋರ್ಡ್ ಮೇಲಿನ ಕಂಟ್ರೋಲರ್ ಐಸಿಗೆ ಹೇಳುತ್ತದೆ. ಐಸಿ 12 ವೋಲ್ಟನ್ನು ಅಷ್ಟಕ್ಕೆ ಇಳಿಸಿ ಕೊಡುತ್ತದೆ. ಕೊಟ್ಟದ್ದು ಸರಿಯಾಗಿದೆಯಾ ಅಂತ ಫೀಡ್‌ಬ್ಯಾಕ್ ಪಿನ್ನಿನಿಂದ ನೋಡುತ್ತಲೇ ಇರುತ್ತದೆ. ಆ ಐಸಿಯ ಡೇಟಾಶೀಟ್‌ನಲ್ಲಿ ಈ ಪಿನ್ನನ್ನು ಎಫ್‌ಬಿ ಅಂತ ಬರೆದಿರುತ್ತಾರೆ. ಅಡುಗೆಯವರು ಸಾರಿನ ರುಚಿ ನೋಡುವ ಸೌಟಿಗೆ ನೀವು ಚೂರು ನೀರು ಬೆರೆಸಿದಿರಿ ಅಂದುಕೊಳ್ಳಿ. ಉಪ್ಪು ಸಾಲದು ಅಂತ ಅವರು ಪಾತ್ರೆಗೆ ಇನ್ನಷ್ಟು ಹಾಕುತ್ತಾರೆ. ಎಫ್‌ಬಿ ಪಿನ್ನಿನಿಂದ ಗ್ರೌಂಡ್‌ಗೆ ಹಾಕುವ ರೆಸಿಸ್ಟರ್ ಮಾಡುವುದು ಇದನ್ನೇ.

ಈಗ ಓಮ್ ಲೆಕ್ಕ. ಪವರ್ ಕೇಬಲ್ ಕಿತ್ತು, ಹತ್ತು ನಿಮಿಷ ಬಿಟ್ಟು, ಎಫ್‌ಬಿ ಮತ್ತು ಗ್ರೌಂಡ್ ನಡುವೆ ಎಷ್ಟು ಓಮ್ ಇದೆ ಅಳೆಯಿರಿ. 1 ಕಿಲೋ ಓಮ್ ಬಂತು ಅನ್ನೋಣ. ಅದರ 20 ಪಟ್ಟು, ಅಂದರೆ 20 ಕಿಲೋ ಓಮ್ ಹಾಕಿದರೆ ವೋಲ್ಟೇಜ್ ಸುಮಾರು 5 ಪರ್ಸೆಂಟ್ ಏರುತ್ತದೆ: 1.30 ಇದ್ದದ್ದು 1.365. ಹತ್ತು ಪಟ್ಟು ಹಾಕಿದರೆ 1.43. ಓಮ್ ಕಡಿಮೆ ಆದಷ್ಟೂ ವೋಲ್ಟೇಜ್ ಜಾಸ್ತಿ. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ.

ನಾನೂ ಎಡವಿದ್ದೇನೆ. ಮಲ್ಟಿಟರ್ನ್ ಪ್ರಿಸೆಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಒಂದನ್ನು ಪೂರ್ತಿ ಮೇಲಕ್ಕೆ ತಿರುಗಿಸದೆ, ಅಂಗಡಿಯಿಂದ ತಂದ ಹಾಗೆಯೇ ಬೆಸುಗೆ ಹಾಕಿದ್ದೆ. ಅದು ಹೆಚ್ಚುಕಡಿಮೆ ಸೊನ್ನೆಯಲ್ಲಿತ್ತು. ಸೌಟಿನಲ್ಲಿ ಬರೀ ನೀರು. ಪವರ್ ಬಟನ್ ಒತ್ತಿದೆ, ಫ್ಯಾನ್ ಒಂದು ಸುತ್ತು ತಿರುಗಿ ನಿಂತಿತು. ಆ ಪ್ರೊಸೆಸರ್ ಮತ್ತೆ ಯಾವ ಬೋರ್ಡ್‌ನಲ್ಲೂ ಎದ್ದೇಳಲಿಲ್ಲ. ಅವತ್ತಿನಿಂದ ಪ್ರಿಸೆಟ್ ಜೊತೆಗೆ ಸೀರೀಸ್‌ನಲ್ಲಿ ಒಂದು ಫಿಕ್ಸೆಡ್ ರೆಸಿಸ್ಟರ್ ಇಲ್ಲದೆ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ. ನಿಮ್ಮ ಲೆಕ್ಕಕ್ಕೆ 15 ಕಿಲೋ ಓಮ್ ಫಿಕ್ಸೆಡ್, ಅದರ ಹಿಂದೆ 50 ಕಿಲೋ ಓಮ್ ಪ್ರಿಸೆಟ್. ಪ್ರಿಸೆಟ್ ಪೂರ್ತಿ ಸೊನ್ನೆಗೆ ಬಂದರೂ 7 ಪರ್ಸೆಂಟಿಗಿಂತ ಮೇಲೆ ಹೋಗುವುದಿಲ್ಲ. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡ್‌ನಲ್ಲಿ ಎರಡೂ ಸಿಗುತ್ತವೆ.

ಬೆಸುಗೆ ಎಲ್ಲಿ ಹಾಕಬೇಕು? ಐಸಿಗೆ ಹೊರಗೆ ಚಾಚಿದ ಕಾಲುಗಳಿಲ್ಲದಿದ್ದರೆ ಅದನ್ನು ಮುಟ್ಟಲೇಬೇಡಿ. ಮೀಟರನ್ನು ಬೀಪ್‌ಗೆ ಇಟ್ಟು, ಎಫ್‌ಬಿಗೆ ಸೇರಿದ ಎಸ್‌ಎಂಡಿ (ಬೋರ್ಡ್ ಮೇಲೆಯೇ ಕೂರಿಸಿದ) ರೆಸಿಸ್ಟರ್‌ನ ತುದಿಯನ್ನು ಹುಡುಕಿ. ಸಾಸಿವೆ ಕಾಳಿನಷ್ಟು ಚಿಕ್ಕದಿರುತ್ತದೆ. 25 ವ್ಯಾಟಿನ ಚೂಪು ತುದಿಯ ಐರನ್, ಸ್ವಲ್ಪ ಫ್ಲಕ್ಸ್, ಎರಡೇ ಸೆಕೆಂಡು. ಜಾಸ್ತಿ ಹೊತ್ತು ಒತ್ತಿದರೆ ಪ್ಯಾಡ್ ಬೋರ್ಡ್‌ನಿಂದ ಎದ್ದು ಬರುತ್ತದೆ. ಫಿಕ್ಸೆಡ್ ರೆಸಿಸ್ಟರ್‌ನ ಕಾಲನ್ನು ಗಿಡ್ಡ ಕತ್ತರಿಸಿ ನೇರವಾಗಿ ಆ ತುದಿಗೇ ಸೇರಿಸಿ, ಉದ್ದದ ವೈರ್ ಅದರ ಆಚೆಗೆ ಇರಲಿ. ಎಫ್‌ಬಿ ಬಹಳ ಸೂಕ್ಷ್ಮದ ಜಾಗ, ಅಲ್ಲಿ ಉದ್ದ ವೈರ್ ನೇತಾಡಿದರೆ ಪಕ್ಕದ ಕಾಯಿಲ್‌ಗಳ ಗಲಾಟೆಯನ್ನೆಲ್ಲ ಎಳೆದುಕೊಳ್ಳುತ್ತದೆ. ವೈರ್ ಅಲುಗಾಡದ ಹಾಗೆ ಗ್ಲೂ ಗನ್ ಹಾಕಿ.

ಪ್ರಿಸೆಟ್ ಅತಿ ಹೆಚ್ಚಿನ ಓಮ್‌ನಲ್ಲಿಟ್ಟು ಆನ್ ಮಾಡಿ. ಒಂದೊಂದೇ ಸುತ್ತು ಇಳಿಸಿ, ಪ್ರತಿ ಸಲ ಅಳೆಯಿರಿ. ನೀಲಿ ಪರದೆ ನಿಂತ ಕಡೆ ನಿಲ್ಲಿಸಿ. ಇಂಟೆಲ್ ಈ ಪೀಳಿಗೆಗೆ ಹಾಕಿದ ಕೊನೆಯ ಗೆರೆ 1.55 ವೋಲ್ಟ್. ನೀವು 1.40 ದಾಟಬೇಡಿ. ಬಿಸಿಯ ಲೆಕ್ಕ ನೋಡಿ: ವೇಗ ಏರಿದಷ್ಟೇ ಪಟ್ಟು ಬಿಸಿ ಏರುತ್ತದೆ, ವೋಲ್ಟೇಜ್ ಮಾತ್ರ ವರ್ಗದ ಲೆಕ್ಕದಲ್ಲಿ ಏರಿಸುತ್ತದೆ. 1.8ರಿಂದ 2.4 ಗಿಗಾಹರ್ಟ್ಸ್, 1.30ರಿಂದ 1.365 ವೋಲ್ಟ್ ಅಂದರೆ ಹಳೆಯದರ ಸುಮಾರು ಒಂದೂವರೆ ಪಟ್ಟು. ಆಫೀಸ್ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡುವ ಮಾಸ್ಫೆಟ್‌ಗಳಿಗೆ ಹೀಟ್‌ಸಿಂಕ್ ಇರುವುದು ಅಪರೂಪ. ಅವುಗಳ ಮೇಲೆ ಗಾಳಿ ಬೀಳುವ ಹಾಗೆ ಒಂದು ಫ್ಯಾನ್ ಇಡಿ.

ಪೆನ್ಸಿಲ್ ಗೀಚಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಎಫ್‌ಬಿಯಿಂದ ಗ್ರೌಂಡ್‌ಗೆ ಮೊದಲೇ ಒಂದು ರೆಸಿಸ್ಟರ್ ಇರುವ ಬೋರ್ಡ್‌ಗಳಲ್ಲಿ ಅದರ ಮೇಲೆ ಗೀಚಿದರೆ ಕೆಲಸ ಆಗುತ್ತದೆ, ಬೇಡ ಅನಿಸಿದರೆ ಒರೆಸಿ ತೆಗೆಯಬಹುದು. ಆ ರೆಸಿಸ್ಟರ್ ಇಲ್ಲದಿದ್ದರೆ ಗೀಚಲು ಜಾಗವೇ ಇರುವುದಿಲ್ಲ.

ಪ್ರಶ್ನೆ: ನನ್ನದು 13ನೇ ಪೀಳಿಗೆಯ ಕೋರ್ ಐ7, ಕೆ ಮಾದರಿ. ಗೇಮ್ ಆಡುವಾಗ ಆಗಾಗ ಕ್ರ್ಯಾಶ್ ಆಗುತ್ತದೆ. ವೋಲ್ಟೇಜ್ ಏರಿಸಲೇ?

ಉತ್ತರ: ದಯವಿಟ್ಟು ಬೇಡ. ನಿಮ್ಮದು ತಿರುಗಾಮುರುಗಾ ಸಮಸ್ಯೆ ಇರಬಹುದು. 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ತಮಗೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಕೇಳಿಯೇ ಹಾಳಾಗುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಇಂಟೆಲ್ 0ಎಕ್ಸ್129 ಅನ್ನುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್) ಕೊಟ್ಟು 1.55 ವೋಲ್ಟ್ ದಾಟಿ ಕೇಳದ ಹಾಗೆ ಮಾಡಿತು. ಬೋರ್ಡ್ ಕಂಪನಿಯ ಹೊಸ ಬಯಾಸ್ ಹಾಕಿ, ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಓಡಿಸಿ. ಆಗಲೇ ಹಾಳಾಗಿದ್ದರೆ ಬಯಾಸ್‌ನಿಂದ ಸರಿಹೋಗುವುದಿಲ್ಲ. ಆದರೆ ಬಾಕ್ಸ್‌ನಲ್ಲಿ ಬಂದ ಪ್ರೊಸೆಸರ್‌ಗಳಿಗೆ ವಾರಂಟಿಯನ್ನು 2 ವರ್ಷ ಹೆಚ್ಚಿಸಿದ್ದಾರೆ. ಬಿಲ್ ಹುಡುಕಿ ಇಟ್ಟುಕೊಂಡು ಬದಲಿ ಕೇಳಿ.